ಅಕ್ಕುವಿನ ಕರಟದ ಇದ್ದಿಲು

ಚೆನ್ನೈನ ಮೈಲಾಪೂರಿನ ನಮ್ಮ ಫ್ಲ್ಯಾಟಿನ ಮೆಟ್ಟಿಲ ಕೆಳಗೆ ಅಕ್ಕು ಇಸ್ತ್ರಿ ಮೇಜು ಹಾಕಿ ಇಪ್ಪತ್ತೆರಡು ವರ್ಷವಾಯಿತು. ಕುಂದಾಪುರದ ಕಡೆಯವರು. ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಹಿಡಿದರು. ನನ್ನ ಮಗಳು ಪ್ರಣಮ್ಯಾ ಹುಟ್ಟಿದಾಗ ಇದ್ದ ತೂಕದ ಎರಡರಷ್ಟು ಭಾರ ಅದು. ಅಕ್ಕು ಒಂದೇ ಕೈಯಲ್ಲಿ ಎತ್ತುತ್ತಾರೆ.

ಕಳೆದ ವಾರ ಅಂಗಡಿಯಲ್ಲಿ ಇದ್ದಿಲೇ ಇಲ್ಲ. ತೆಂಗಿನ ಕರಟದ ಇದ್ದಿಲಿಗೆ ಹೊರದೇಶದಲ್ಲಿ ಗಿರಾಕಿ ಜಾಸ್ತಿಯಂತೆ, ಎಲ್ಲ ಬಂದರಿಗೆ ಹೋಗುತ್ತದಂತೆ. ಉಳಿದದ್ದನ್ನು ತರೋಣವೆಂದರೆ ಲಾರಿ ಮುಷ್ಕರ.

"ನಮ್ ಇದ್ಲ್ ಹಡಗ್ ಹತ್ತಿ ಹೋಯ್ತಂಬ್ರ್. ನಾನೇ ಇನ್ನೂ ಹಡಗ್ ಹತ್ಲಿಲ್ಲ!" ಅಕ್ಕು ನಕ್ಕರು.

ಆದರೆ ನಗುವ ಹೊತ್ತಲ್ಲ. ಭಾನುವಾರ ಸಂಜೆಯ ಫ್ಲ್ಯಾಟಿನವರ ಸಭೆಯೊಳಗೆ ಬಾಕಿ ಬಿದ್ದ ಬಟ್ಟೆ ಗಂಟುಗಳು ಮುಗಿಯದಿದ್ದರೆ ಆ ಜಾಗ ಯಾವುದೋ ಆ್ಯಪಿನ ಲಾಂಡ್ರಿಯವರಿಗೆ ಎಂದು ಸೆಕ್ರೆಟರಿ ಮಾಮ ಹೇಳಿಬಿಟ್ಟಿದ್ದರು.

ನನ್ನ ಕರೆಂಟಿನ ಇಸ್ತ್ರಿಯನ್ನು ಉದ್ದದ ವಯರಿನೊಂದಿಗೆ ಕೆಳಗೊಯ್ದೆ. ಮೂರನೇ ಸೀರೆಗೆ ಇಡೀ ಮೆಟ್ಟಿಲ ಸಾಲಿನ ಫ್ಯೂಸು ಹೋಯಿತು.

"ನಿನ್ ಪೆಟ್ಗಿ ಮೂರ್ ಸೀರೆಗೇ ಸುಸ್ತ್ ಕಾಣ್!" ಎಂದರು ಅಕ್ಕು.

ಆಗ ನನಗೆ ಹೊಳೆಯಿತು. ನನ್ನ ಗಂಡ ರೂಪೇಶನ ಹೋಟೆಲಿನಲ್ಲಿ ಚಟ್ನಿಗೆ ತುರಿದ ಕಾಯಿಯ ಕರಟ ದಿನಾ ಎರಡು ಮೂಟೆ ಬಿಸಾಡುತ್ತಾರೆ.

"ಊರಲ್ಲಿ ಕರಟದ ಇದ್ದಿಲು ಮಾಡ್ತಿರಲಿಲ್ವಾ, ದೊಡ್ಡಮ್ಮಾ?" ಅಕ್ಕುವನ್ನು ಕೇಳಿದೆ.

"ಮಾಡ್ದೆ ಎಂತ! ಗುಂಡಿ ತೋಡಿ, ಹೊತ್ಸಿ, ಮಣ್ಣ್ ಮುಚ್ಚುದ್. ಇಲ್ಲಿ ಗುಂಡಿ ಎಲ್ ತೋಡುದ್, ನಿನ್ ಹಾಲ್‌ನಲ್ಲಾ?"

ತಾರಸಿಯಲ್ಲಿ ಹಳೆಯ ತಗಡಿನ ಡ್ರಮ್ ಇತ್ತು. ಶುಕ್ರವಾರ ಕರಟ ತುಂಬಿಸಿ ಹೊತ್ತಿಸಿದೆವು. ಹೊಗೆ ತೆಳುವಾದಾಗ ಅಕ್ಕು ಮುಚ್ಚಳವಿಟ್ಟು ಸುತ್ತ ಹಸಿ ಮಣ್ಣು ಮೆತ್ತಿದರು. "ನಾಳೆ ಬೆಳಿಗ್ಗೆವರೆಗೆ ಮುಟ್ಟುಕಾಗ."

ಅನ್ನ ಬೇಯುವಾಗಲೂ ನಾಲ್ಕು ಸಲ ಇಣುಕುವವಳು ನಾನು. ಮಧ್ಯಾಹ್ನ ಎರಡು ಗಂಟೆಗೇ ಮುಚ್ಚಳ ಎತ್ತಿ ನೋಡಿದೆ. ಒಳಗೆ ಗಾಳಿ ನುಗ್ಗಿ ಎಲ್ಲ ಮತ್ತೆ ಕೆಂಡವಾಯಿತು. ಸಂಜೆಗೆ ಉಳಿದದ್ದು ಬೂದಿ.

ಅಳು ಬರುವಂತಾಗಿ ನಿಂತಿದ್ದೆ. ಅಕ್ಕು ಬೂದಿಯನ್ನು ಬೆರಳಲ್ಲಿ ಉಜ್ಜಿ, "ಲಾಯ್ಕ್ ಬಂದಿತ್ ಮಾರಾಯ್ತಿ. ಪಾತ್ರ ತಿಕ್ಕುಕ್ ಆತ್ತ್" ಎಂದರು.

ಶನಿವಾರದ ಡ್ರಮ್ಮಿಗೆ ಪ್ರಣಮ್ಯಾಳನ್ನೇ ಕಾವಲಿಟ್ಟರು. ಬಿಸಿ ತಾಗದಷ್ಟು ದೂರದಲ್ಲಿ ಪುಟ್ಟ ಕುರ್ಚಿ, ಕೈಯಲ್ಲಿ ಚಕ್ಕುಲಿ. ಬಟ್ಟೆ ಒಣಗಿಸಲು ಹೋದ ನನಗೆ, "ಅಮ್ಮಾ, ತೊರಕ್ಕಾದೆ!" ತೆರೆಯಬೇಡ ಅಂತ ತಮಿಳಿನಲ್ಲೇ ಗದರಿದಳು.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ, ಆಕಾರ ಕೆಡದ ಕಪ್ಪು ಕರಟಗಳು! ತಟ್ಟಿದರೆ ಟಣ್ ಅನ್ನುತ್ತಿದ್ದವು. ಅಕ್ಕು ಮೊದಲು ಎತ್ತಿಕೊಂಡದ್ದು ಸೆಕ್ರೆಟರಿ ಮಾಮನ ಬಿಳಿ ಶರ್ಟು. ಸಂಜೆಯೊಳಗೆ ಎಲ್ಲ ಗಂಟುಗಳೂ ಮನೆ ಸೇರಿದವು.

ಮಾಮ ಅದೇ ಶರ್ಟು ತೊಟ್ಟು ಸಭೆಗೆ ಬಂದರು. ಲಾಂಡ್ರಿಯ ವಿಷಯ ಬಂದಾಗ ತೋಳಿನ ಇಸ್ತ್ರಿ ಗೆರೆಯನ್ನು ಒಮ್ಮೆ ಸವರಿ, "ಇದು ಬೇಡ, ನೀರಿನ ಟ್ಯಾಂಕ್ ವಿಷಯ ಮಾತಾಡೋಣ" ಎಂದರು.

ಇವತ್ತು ಮೆಟ್ಟಿಲ ಕೆಳಗೆ ಐದು ಮನೆಗಳ ಕರಟದ ಚೀಲಗಳು ಕೂತಿವೆ. ಒಂದು ಮಾಮನದೇ.

"ಇನ್ನ್ ಹಡಗಿನವ್ರ್ ಬಂದ್ ಕೇಂಡ್ರೂ ಕೊಡುದಿಲ್ಲ," ಎನ್ನುತ್ತ ಅಕ್ಕು ಪ್ರಣಮ್ಯಾಳ ಯೂನಿಫಾರಂ ಹಾಸಿದರು.