ಪೂಜಾರಿಯವರ ನಿದ್ದೆಗೆ ಒಂಬತ್ತು ಸಾಕ್ಷಿ

ಗೆಳೆಯರೇ, ಇವತ್ತು ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂಬತ್ತು ಮಂದಿ ಒಂದು ಪತ್ರಕ್ಕೆ ಸಹಿ ಹಾಕಿದೆವು. ದಿನವೂ ಜೊತೆಗೆ ಪ್ರಯಾಣಿಸುವ ನಮ್ಮ ಗುಂಪಿನ ಪೂಜಾರಿಯವರು ನಿವೃತ್ತ ಸುಬೇದಾರರು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಅವರಿಗೆ ಸೈನ್ಯದಲ್ಲಿದ್ದಾಗಲೇ ಶುರುವಾಗಿತ್ತು. ಅದನ್ನು ಶೇಕಡಾ ಎಷ್ಟು ಅಂಗವೈಕಲ್ಯ ಎನ್ನಬೇಕೆಂದು ನಾಳೆ ಸೇನೆಯ ವೈದ್ಯರು ಹೊಸದಾಗಿ ತೀರ್ಮಾನಿಸುತ್ತಾರೆ. ಪೆನ್ಷನ್ ನಿಂತಿರುವುದು ಅದರ ಮೇಲೆ.

"ಇವರು ನಿಂತಲ್ಲೇ ನಿದ್ದೆ ಹೋಗುತ್ತಾರೆ, ದಾದರ್ ಸ್ಟೇಷನ್ ಬಂದರೂ ಏಳುವುದಿಲ್ಲ" ಎಂದು ಆ ವೈದ್ಯರಿಗೆ ಬರೆದಿದ್ದೆವು.

ಧಾರವಾಡದ ಕುಲಕರ್ಣಿ ಸಲಹೆಯನ್ನೂ ಕೊಟ್ಟರು: "ಇವತ್ತೊಂದ್ ರಾತ್ರಿ ಆ ಉಸಿರಿನ ಮಷೀನ್ ಹಾಕ್ಕೋಬ್ಯಾಡ್ರಿ ಸಾಹೇಬ್ರ. ನಾಳೆ ಡಾಕ್ಟರ್ ಮುಂದ ಗೊರಕಿ ಹೊಡದ್ರ ಪರ್ಸೆಂಟ್ ತಾನ ಏರ್ತದ!"

ಪೂಜಾರಿಯವರು ಪತ್ರ ಓದಿದರು. ನನ್ನ ಪೆನ್ನು ಕೇಳಿ ಪಡೆದು, ನಮ್ಮ ಸಹಿಗಳ ಕೆಳಗೆ ತಾವೇ ಬರೆದರು: "ಮೇಲಿನದು ಹಳೆಯ ಸಂಗತಿ. ಮಷೀನ್ ಹಾಕಲು ಶುರುಮಾಡಿ ಮೂರು ತಿಂಗಳಾಯಿತು. ಆಮೇಲೆ ರೈಲಿನಲ್ಲಿ ಒಮ್ಮೆಯೂ ನಿದ್ದೆ ಹೋಗಿಲ್ಲ."

"ಪೆನ್ಷನ್ ಇಳಿದರೆ?" ಎಂದೆ.

"ಇಳಿಯಲಿ ಮಾರಾಯ್ರೆ. ಸುಳ್ಳು ಹೇಳಿ ಬಂದ್ರೆ ಮತ್ತೆ ನಿದ್ದೆ ಬರ್ಲಿಕ್ಕಿಲ್ಲ. ಅದಕ್ಕೆ ಎಂತ ಮಷೀನ್ ಉಂಟು?"

ಕುಲಕರ್ಣಿ ಕಿಟಕಿಯ ಕಡೆ ತಿರುಗಿದರು. ಠಾಣೆ ದಾಟುವಾಗ ಪೂಜಾರಿಯವರು ಎದ್ದು ತಮ್ಮ ಸೀಟು ನನಗೆ ಕೊಟ್ಟರು. ಆಮೇಲೆ ನನಗೆ ಕೇಳಿಸಿದ್ದು ಅವರದೇ ದನಿ: "ಏಳಿ ಮಾರಾಯ್ರೆ, ನಿಮ್ಮ ಘಾಟ್ಕೋಪರ್ ಬಂತು!"

ಸಾಕ್ಷಿ ಹಾಕಿದವನದೇ ಗೊರಕೆ. ಎಚ್ಚರವಿದ್ದವರ ಪೆನ್ಷನ್‌ಗೆ ನನ್ನದೊಂದು ಹರಕೆ.