ಒಂಬತ್ತರ ವರ್ಗಮೂಲ

ಹುಲಿಗೆಮ್ಮ, ನಿನ್ನ ಉತ್ತರ ಸರಿಯಿತ್ತು. ಅದನ್ನು ತಪ್ಪೆಂದು ಕೆಂಪು ಪೆನ್ನಿನಲ್ಲಿ ಗೀಚಿದವನು ನಾನು—ಸರಿಯೆಂದು ನನಗೆ ಆ ದಿನವೇ ಗೊತ್ತಾಗಿತ್ತು. ಇಪ್ಪತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ಗಣಿತದ ಮೇಷ್ಟ್ರು ಅನ್ನಿಸಿಕೊಂಡೆ.

ಮಸ್ಕಿ ಹತ್ತಿರದ ಶಾಲೆಯಲ್ಲಿ ಆಗ ನೀನು ಒಂಬತ್ತನೆಯ ತರಗತಿ. ಹಿಂದುಳಿದ ಮಕ್ಕಳೂ ಒಂದೆರಡು ಅಂಕ ಗಿಟ್ಟಿಸಲೆಂದು ನಾನೊಂದು ಸುಲಭದ ಸೂತ್ರ ಕಟ್ಟಿದ್ದೆ: ವರ್ಗಮೂಲದ ಚಿಹ್ನೆ ಕಂಡರೆ ಕಣ್ಣುಮುಚ್ಚಿ ಅಭಾಗಲಬ್ಧ ಸಂಖ್ಯೆ ಎಂದು ಬರೆಯಿರಿ—ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು. ಅದನ್ನೇ ದಿನಾ ಇಡೀ ತರಗತಿಯಿಂದ ಕೂಗಿಸುತ್ತಿದ್ದೆ. ಕಿರುಪರೀಕ್ಷೆಯಲ್ಲಿ ಒಂಬತ್ತರ ವರ್ಗಮೂಲದ ಎಡಕ್ಕೆ ಋಣ ಚಿಹ್ನೆ ಇಟ್ಟು, ಇದು ಭಾಗಲಬ್ಧವೋ ಅಭಾಗಲಬ್ಧವೋ ಎಂದು ಕೇಳಿದೆ. ಎಲ್ಲರೂ ಅಭಾಗಲಬ್ಧ ಎಂದು ಬರೆದರು. ನೀನೊಬ್ಬಳೇ ಭಾಗಲಬ್ಧ ಎಂದು ಬರೆದೆ.

ತಿದ್ದಿದ ಹಾಳೆ ಹಿಡಿದು ನೀನು ಎದ್ದು ನಿಂತೆ. "ಸರ್, ಒಂಬತ್ತರ ವರ್ಗಮೂಲ ಮೂರಲ್ರೀ? ಮೈನಸ್ ಮೂರರ ಕೆಳಗ ಒಂದು ಇಟ್ರ ಭಿನ್ನರಾಶಿ ಆಗ್ತೈತಲ್ರೀ. ಎರಡರ ವರ್ಗಮೂಲ ಆದ್ರ ಹಂಗ ಬರಂಗಿಲ್ಲ."

ಒಪ್ಪಿಕೊಂಡರೆ ಸೂತ್ರವೇ ಸುಳ್ಳು, ಅದನ್ನು ನಂಬಿ ಹೋದ ಹಿಂದಿನ ಮಕ್ಕಳೆಲ್ಲ... ಇಲ್ಲ, ಅದಷ್ಟೇ ಅಲ್ಲ. ಹದಿನಾಲ್ಕರ ಹುಡುಗಿಯೊಬ್ಬಳು ನನ್ನನ್ನು ತಿದ್ದುವುದೇ ಎಂಬ ಸಿಟ್ಟು—ನಿಜ ಹೇಳಬೇಕೆಂದರೆ ಅದೇ ದೊಡ್ಡದು.

"ನಿನ್ನ ತಲಿಗೆ ಗಣಿತ ಹತ್ತಂಗಿಲ್ಲ. ಸುಮ್ನ ಕುಂದ್ರು."

ತರಗತಿ ನಕ್ಕಿತು. ನಾನೂ ನಕ್ಕೆ.

ಆಮೇಲೆ ನೀನು ಕೈ ಎತ್ತಲೇ ಇಲ್ಲ. ಸಿಂಧನೂರಿಗೆ ಹೋಗಿ ವಿಜ್ಞಾನ ಓದುತ್ತೇನೆ ಎನ್ನುತ್ತಿದ್ದವಳು ಕಲಾ ವಿಭಾಗಕ್ಕೆ ಸೇರಿದೆಯೆಂದು ಯಾರೋ ಹೇಳಿದರು. ಯಾಕೆಂದು ನನಗೆ ಗೊತ್ತಿತ್ತು.

ಮೊನ್ನೆ ಲಿಂಗಸುಗೂರಿನ ನನ್ನ ಈಗಿನ ಶಾಲೆಗೆ ನೀನು ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದೆ. ನನ್ನ ಕಾಲು ಮುಟ್ಟಿದೆ. "ಈಕಿಗೂ ಗಣಿತ ಹತ್ತಂಗಿಲ್ರೀ ಸರ್, ನನ್ನ ತಲೀನ ಬಂದೈತಿ. ನೀವು ಅವತ್ತ ಹೇಳಿದ್ದು ಖರೇ ನೋಡ್ರಿ" ಎಂದು ನಕ್ಕೆ. ನಿನ್ನ ಮಾತಿನಲ್ಲಿ ಚೂರೂ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿನ್ನ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು. "ಹಂಗೇನಿಲ್ಲ ಬಿಡವಾ" ಎಂದಷ್ಟೇ ಗೊಣಗಿ ಅರ್ಜಿ ತೆಗೆದುಕೊಂಡೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ಕೊಡುತ್ತೇನೆ. ನನ್ನನ್ನು ಒಳಗೆ ಕರೆಯಬೇಕಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದು. ತನ್ನ ಅವ್ವನಿಗೆ ಗಣಿತ ಬರುತ್ತಿತ್ತೆಂದು ಅವಳಿಗೆ ಗೊತ್ತಾಗಲಿ.