ಕಾಡಿಗೆ ಹೋಗದ ಹಸುವಿಗೆ ಉಣುಗಿನ ಜ್ವರ

೧೯೬೫ನೇ ಜನವರಿ ೧೨, ಮಂಗಳವಾರ, ಬೆಳಿಗ್ಗೆ ಆರೂವರೆ. ಹಾಲು ಕರೆಯಲು ಹೋದ ಅಮ್ಮ ಖಾಲಿ ಚೊಂಬು ಹಿಡಿದು ವಾಪಸು ಬಂದಳು. ಸಿಂಧಿ ಹಸುವಿನ ಗಂಜಳ ಕರಿ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಕಿವಿ ಮುಟ್ಟಿದರೆ ಸುಡುತ್ತಿತ್ತು.

ನಮ್ಮೂರು ಸಾಗರಕ್ಕೂ ಹೊಸನಗರಕ್ಕೂ ನಡುವೆ. ಹಿಂದಿನ ಬೇಸಿಗೆಯಲ್ಲಿ ಅಪ್ಪ ಈ ಹಸುವನ್ನು ತೀರ್ಥಹಳ್ಳಿ ಕಡೆಯಿಂದ ನಡೆಸಿಕೊಂಡು ತಂದಿದ್ದರು. ಮನೆಯಲ್ಲಿ ಆಗ ಹಾಲು ಕೊಡುತ್ತಿದ್ದುದು ಇದೊಂದೇ. ಹೊರಗಿನ ತಳಿಗೆ ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿದರೆ ಉಳಿಯುವುದು ಕಷ್ಟವೆಂದು ಕೇಳಿದ್ದರಿಂದ, ಬೇರೆ ದನಗಳ ಜೊತೆ ಮೇಯಲು ಬಿಡದೆ, ಪ್ರತ್ಯೇಕ ಕೊಟ್ಟಿಗೆ ಕಟ್ಟಿ ಸಾಕುತ್ತಿದ್ದೆವು.

ಮಧ್ಯಾಹ್ನ ಹೊಸನಗರದಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಕೆಚ್ಚಲಿನ ಸಂದಿಯಿಂದ ಉಣುಗು ಕಿತ್ತು ತೋರಿಸಿದರು.

“ಕಾಡಿಗೆ ಬಿಟ್ರಾ?”

“ಇಲ್ಲ ಸ್ವಾಮಿ, ಬಾಗ್ಲು ದಾಟಿಲ್ಲ,” ಎಂದರು ಅಪ್ಪ.

“ಹಂಗಾರೆ ಉಣುಗೇ ವಿಳಾಸ ಕೇಳ್ಕೊಂಡು ಬಂತಾ?”

ಕುತ್ತಿಗೆಯ ನರಕ್ಕೆ ನೀಲಿ ಔಷಧ ಕೊಟ್ಟು, ಎರಡು ದಿನ ಕಳೆದರೆ ಬದುಕೀತು ಎಂದರು. ಅವರು ಕೈ ತೊಳೆಯುವಾಗ ಅಮ್ಮ ಎಂದಿನಂತೆ ಕಾಡಿನ ದರಗು, ಅಂದರೆ ಉದುರಿದ ಒಣ ಎಲೆ, ಬುಟ್ಟಿಯಲ್ಲಿ ತಂದು ಹಸುವಿನ ಕಾಲಡಿ ಸುರಿಯಲು ಹೊರಟಳು. ಡಾಕ್ಟರು ತಡೆದು, ಅಪ್ಪನ ಬಿಳಿ ಟವೆಲ್ ಹಾಸಿ ಅದರ ಮೇಲೆ ಒಂದು ಹಿಡಿ ದರಗು ಕೊಡವಿದರು. ರಾಗಿಗಿಂತ ಸಣ್ಣ ಚುಕ್ಕೆಗಳು ಹರಿದಾಡಿದವು.

“ಅಯ್ಯೋ, ನಾವೇ ದಿನಾ ಹೊತ್ತು ತಂದು ಹಾಸಿದ್ದಾ?” ಎಂದಳು ಅಮ್ಮ.

ಇನ್ನು ಈ ಹಸುವಿಗೆ ಒಣಹುಲ್ಲು ಹಾಸೋಣ ಎಂದರು ಅಪ್ಪ. ಜಗಲಿಯಲ್ಲಿದ್ದ ಅಜ್ಜಿ ಸುಮ್ಮನಿರಲಿಲ್ಲ: “ಹುಲ್ಲು ಹಾಸಿದ್ರೆ ತಿನ್ನಕ್ಕೆ ಎಂತ ಹಾಕ್ತೀಯಾ ಮಗಾ, ನಿನ್ನ ಪಂಚೆನಾ?”

ಗುರುವಾರ ಸಂಜೆ ಹಸು ಕಲಗಚ್ಚು ನೆಕ್ಕಿತು. ಕೆಲವು ದಿನ ಹಾಲಿನಲ್ಲಿ ನೀಲಿ ಛಾಯೆ ಇತ್ತು. ಅಮ್ಮ ಅದನ್ನು ಚೆಲ್ಲಿದಳು. ಹಸು ಉಳಿಯಿತು, ಹಾಲು ಮಾತ್ರ ಮೊದಲಿನ ಅರ್ಧಕ್ಕೆ ನಿಂತಿತು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಹುಲ್ಲಿನ ಬಣವೆ ಈಗಾಗಲೇ ತಗ್ಗಿದೆ, ಮೇ ಮುಗಿಯುವ ಮೊದಲೇ ಬರಿದಾಗಬಹುದು. ದರಗು ಹಾಸದಿದ್ದರೆ ಗದ್ದೆಗೆ ಗೊಬ್ಬರವಿಲ್ಲ. ಸದ್ಯ ದರಗನ್ನು ಬಂಡೆಯ ಮೇಲೆ ಬಿಸಿಲಿಗೆ ಹರವಿ ನೋಡುತ್ತಿದ್ದೇನೆ. ಇದರಿಂದ ಉಣುಗು ಸಾಯುತ್ತದೆಯೋ, ಬಂಡೆಯಿಂದಿಳಿದು ಅಂಗಳಕ್ಕೆ ಬರುತ್ತದೆಯೋ ತಿಳಿಯದು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ಹೀಗೆ ಮಾಡಿ ನೋಡಿದ್ದರೆ, ನಮ್ಮ ಹುಲ್ಲು ತೀರುವುದರೊಳಗೆ ದಯವಿಟ್ಟು ಒಂದು ಕಾರ್ಡು ಬರೆಯಿರಿ.